ತಿರುಗುವ ರಾಡ್‌ಗೆ ಗಾರ್ಡ್ ಹಾಕುವುದು ಹೇಗೆ: ಕಟ್ಟಡ ಸೈಟಿನ ಡ್ರಿಲ್ಲಿಂಗ್ ರಿಗ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಗಾರ್ಡ್, ಅಂದರೆ ತಿರುಗುವ ಭಾಗ ಮುಚ್ಚುವ ಜಾಲರಿ ಅಥವಾ ತಗಡು, ಇಲ್ಲದ ಡ್ರಿಲ್ಲಿಂಗ್ ರಿಗ್ ನೋಡಿದರೆ ಮಾಲೀಕ ದುಡ್ಡು ಉಳಿಸಿದ್ದಾನೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ವಿಷಯ ಬೇರೆಯೇ ಇರುತ್ತದೆ. ಗಾರ್ಡ್ ಇತ್ತು. ಈಗ ಅದು ಕ್ಯಾಂಪಿನ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ಪ್ರತಿ ರಾಡ್ ಬದಲಿಸುವಾಗಲೂ ನಾಲ್ಕು ಬೋಲ್ಟ್ ಬಿಚ್ಚಿ, ಮತ್ತೆ ನಾಲ್ಕು ಬೋಲ್ಟ್ ಹಾಕು ಎಂದರೆ ಯಾವ ಹೆಲ್ಪರ್ ಹಾಕುತ್ತಾನೆ? ಎರಡನೇ ದಿನಕ್ಕೇ ಬಿಚ್ಚಿಡುತ್ತಾನೆ. ಹಾಗಾಗಿ ಇಲ್ಲಿ ಮೊದಲು ಕೆಲಸ ನೋಡೋಣ. ಜಾಲರಿ ಕತ್ತರಿಸುವುದು ಆಮೇಲೆ.

ಮಣ್ಣು ಪರೀಕ್ಷೆಯ ರಿಗ್, ಬೋರ್‌ವೆಲ್ ಮತ್ತು ಮೈಕ್ರೊಪೈಲ್ (ಅಡಿಪಾಯದ ಸಣ್ಣ ಕಂಬ) ಕೊರೆಯುವ ಡಿಟಿಎಚ್ ರಿಗ್ (ಗುಂಡಿಯ ತಳದಲ್ಲೇ ಸುತ್ತಿಗೆ ಬಡಿಯುವಂಥದ್ದು), ಮೆಟ್ರೊ ಹಾಗೂ ಫ್ಲೈಓವರ್ ಕೆಲಸಕ್ಕೆ ಬರುವ ದೊಡ್ಡ ರೋಟರಿ ಪೈಲಿಂಗ್ ರಿಗ್, ಈ ಮೂರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಓದುವವರು ರಿಗ್ ಮಾಲೀಕರು, ಸೈಟ್ ಸೂಪರ್‌ವೈಸರ್‌ಗಳು, ಫ್ಯಾಬ್ರಿಕೇಶನ್ ಮಾಡುವವರು ಎಂದುಕೊಂಡಿದ್ದೇನೆ.

ನಿಧಾನ ತಿರುಗುತ್ತದೆ ಅನ್ನುವ ಧೈರ್ಯ

ಡಿಟಿಎಚ್ ರಾಡ್ ಕಣ್ಣಿಗೆ ಕಾಣುವ ಹಾಗೆ ಸಾವಕಾಶವಾಗಿ ತಿರುಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಭಯ ಬರುವುದಿಲ್ಲ. ಒಂದು ಲೆಕ್ಕ ಹಾಕಿ. 89 ಮಿಲಿಮೀಟರ್ ದಪ್ಪದ ರಾಡ್‌ನ ಸುತ್ತಳತೆ ಸುಮಾರು 28 ಸೆಂಟಿಮೀಟರ್. ನಿಮಿಷಕ್ಕೆ 60 ಸುತ್ತು ಎಂದರೆ ಸೆಕೆಂಡಿಗೆ ಒಂದು ಸುತ್ತು. ಅಂದರೆ ಸಿಕ್ಕಿದ ಬಟ್ಟೆಯನ್ನು ಪ್ರತಿ ಸೆಕೆಂಡಿಗೆ 28 ಸೆಂಟಿಮೀಟರ್ ಎಳೆದುಕೊಳ್ಳುತ್ತದೆ. ಕೋರ್ ಡ್ರಿಲ್ಲಿಂಗ್‌ನ 54 ಮಿಲಿಮೀಟರ್ ರಾಡ್ 300 ಸುತ್ತಿನಲ್ಲಿ ತಿರುಗಿದರೆ ಸೆಕೆಂಡಿಗೆ 85 ಸೆಂಟಿಮೀಟರ್. ಕೊರಳಿಗೆ ಹಾಕಿದ ಒಂದೂವರೆ ಮೀಟರ್ ಟವೆಲ್ ಎರಡು ಸೆಕೆಂಡಿನೊಳಗೆ ಪೂರ್ತಿ ಸುತ್ತಿಕೊಂಡಿರುತ್ತದೆ. ಬಟ್ಟೆ ಸುತ್ತಿದಂತೆಲ್ಲ ದಪ್ಪ ಜಾಸ್ತಿಯಾಗುತ್ತದೆ, ಎಳೆಯುವ ವೇಗವೂ ಏರುತ್ತದೆ.

ಕಿತ್ತುಕೊಂಡು ಬರಬಹುದು ಅಲ್ವಾ? ಆಗುವುದಿಲ್ಲ. ರಾಡ್ ತಿರುಗಿಸುವ ರೊಟೇಷನ್ ಹೆಡ್ಡಿನ ಟಾರ್ಕ್ (ತಿರುಗಿಸುವ ಬಲ) 2,000 ನ್ಯೂಟನ್ ಮೀಟರ್ ಅಂತಲೇ ಇಟ್ಟುಕೊಳ್ಳಿ. ಆ 89 ಮಿಲಿಮೀಟರ್ ರಾಡ್‌ನ ಮೈಮೇಲೆ ಅದು ಸುಮಾರು ನಾಲ್ಕೂವರೆ ಟನ್ ಎಳೆತವಾಗುತ್ತದೆ. ರಿಗ್‌ಗೆ ನಿಮ್ಮ ಕೈ ಸಿಕ್ಕಿದ್ದು ಗೊತ್ತೇ ಆಗುವುದಿಲ್ಲ. ಎಂಜಿನ್ ಸದ್ದೂ ಬದಲಾಗುವುದಿಲ್ಲ.

ನುಣುಪಾದ ರಾಡ್ ಹಿಡಿಯುವುದಿಲ್ಲ ಎಂಬ ನಂಬಿಕೆಯೂ ಇದೆ. ಒದ್ದೆ ಬಟ್ಟೆ, ಗ್ರೀಸು, ಕೆಸರು ಇದ್ದರೆ ನುಣುಪು ರಾಡ್ ಕೂಡ ಹಿಡಿಯುತ್ತದೆ. ಇನ್ನು ರಾಡ್‌ನ ಜಾಯಿಂಟಿನಲ್ಲಿ ರೆಂಚ್ ಕಚ್ಚಿ ಎದ್ದ ಚೂರುಗಳಿರುತ್ತವೆ, ರಾಡ್ ಹಿಡಿದುಕೊಳ್ಳುವ ಚಕ್‌ನಲ್ಲಿ ಹೊರಗೆ ಚಾಚಿದ ಬೋಲ್ಟ್ ತಲೆಗಳಿರುತ್ತವೆ. ಹೆಚ್ಚಾಗಿ ಮೊದಲು ಹಿಡಿಯುವುದು ಇವೇ.

ಹಂತ 1: ತಿರುಗುವ ಜಾಗಗಳ ಪಟ್ಟಿ

ರಿಗ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು, ಒಂದು ಸುತ್ತು ಬನ್ನಿ. ಸೀಮೆಸುಣ್ಣ ಕೈಯಲ್ಲಿರಲಿ. ತಿರುಗುವ ಪ್ರತಿ ಭಾಗಕ್ಕೂ ಗುರುತು ಹಾಕಿ. ಡ್ರಿಲ್ ರಾಡ್, ಚಕ್ ಅಥವಾ ರೊಟೇಷನ್ ಹೆಡ್, ವಾಟರ್ ಸ್ವಿವೆಲ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಬೇರೆ: ಎಂಜಿನ್ ಮತ್ತು ಪಂಪ್ ನಡುವಿನ ಕಪ್ಲಿಂಗ್, ರೇಡಿಯೇಟರ್ ಫ್ಯಾನ್, ಮಡ್ ಪಂಪಿನ ಬೆಲ್ಟ್, ಲಾರಿ ಮೇಲಿನ ರಿಗ್‌ನಲ್ಲಿ ಎಂಜಿನ್ ಶಕ್ತಿ ಒಯ್ಯುವ ಪಿಟಿಒ ಶಾಫ್ಟ್, ವಿಂಚ್ ಡ್ರಮ್, ರಾಡ್‌ನ್ನು ಕೆಳಕ್ಕೆ ಒತ್ತುವ ಫೀಡ್ ಚೈನು ಸ್ಪ್ರಾಕೆಟ್ ಹತ್ತುವ ಜಾಗ, ಮಾಸ್ಟ್ (ರಿಗ್‌ನ ಎತ್ತರದ ಕಂಬ) ತುದಿಯ ರಾಟೆ.

ಬೆಲ್ಟಿನ ಬಗ್ಗೆ ಒಂದು ಮಾತು. ಡೀಸೆಲ್ ಎಂಜಿನ್ 1,500 ಸುತ್ತಿನಲ್ಲಿ ಓಡುವಾಗ 300 ಮಿಲಿಮೀಟರ್ ಪುಲ್ಲಿಯ ಮೇಲಿನ ಬೆಲ್ಟ್ ಗಂಟೆಗೆ ಸುಮಾರು 85 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಹಳೆಯ ಮಣ್ಣು ಪರೀಕ್ಷೆ ರಿಗ್‌ಗಳಲ್ಲಿ ಈ ಬೆಲ್ಟ್ ಮೊಣಕಾಲಿನ ಎತ್ತರದಲ್ಲಿ ಬಟಾಬಯಲಾಗಿ ಓಡುತ್ತದೆ. ಪಕ್ಕದಲ್ಲೇ ಹೆಲ್ಪರ್ ಲುಂಗಿ ಎತ್ತಿಕಟ್ಟಿ ನಿಂತಿರುತ್ತಾನೆ.

ಹಂತ 2: ಕೈ ಯಾಕೆ ಅಲ್ಲಿಗೆ ಹೋಗುತ್ತದೆ?

ಈಗ ಕೆಲಸ ನಡೆಯುವಾಗ ದೂರದಲ್ಲಿ ನಿಂತು ಒಂದು ಪೂರ್ತಿ ಬೋರ್ ನೋಡಿ. ಆಪರೇಟರ್‌ನನ್ನು ಬಿಡಿ, ಹೆಲ್ಪರ್‌ನ ಕೈ ಮಾತ್ರ ನೋಡಿ. ಅದು ತಿರುಗುವ ರಾಡ್ ಹತ್ತಿರ ಹೋದಾಗಲೆಲ್ಲ ಏನು ಮಾಡಲು ಹೋಯಿತು ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ ಉತ್ತರಗಳು ಇವು: ಥ್ರೆಡ್‌ಗೆ ಗ್ರೀಸ್ ಹಚ್ಚಲು, ರಾಡ್ ಜೋಡಿಸುವಾಗ ದಾರಿ ತೋರಿಸಲು, ಜಾಯಿಂಟ್ ಸಡಿಲಿಸಲು ರೆಂಚ್ ಹಾಕಲು, ಮೇಲೆ ಬಂದ ರಾಡ್‌ನ ಕೆಸರು ಒರೆಸಲು, ಗುಂಡಿಯ ಬಾಯಿಂದ ಬಂದ ಮಣ್ಣು ಸಲಿಕೆಯಲ್ಲಿ ಎಳೆಯಲು, ಮಣ್ಣಿನ ಸ್ಯಾಂಪಲ್ ಹಿಡಿಯಲು.

ಇದು ಇಡೀ ಕೆಲಸದ ತಿರುಳು. ಈ ಪಟ್ಟಿ ಮಾಡದೆ ಗಾರ್ಡ್ ಮಾಡಿಸಿದರೆ ದುಡ್ಡು ದಂಡ.

ಹಂತ 3: ಕೈ ಹೋಗುವ ಕಾರಣವನ್ನೇ ತೆಗೆಯಿರಿ

ಪಟ್ಟಿಯಲ್ಲಿರುವ ಒಂದೊಂದನ್ನೂ ತೆಗೆದುಕೊಂಡು, ಇದಕ್ಕೆ ಕೈ ಬೇಕೇ ಬೇಕಾ ಎಂದು ಕೇಳಿ.

ಕೆಸರು ಒರೆಸಲು ರಾಡ್ ಸುತ್ತ ರಬ್ಬರ್ ವೈಪರ್ ಹಾಕಿದರೆ ಸಾಕು. ಹಳೆಯ ಕನ್ವೇಯರ್ ಬೆಲ್ಟಿನ ತುಂಡಿನಲ್ಲಿ ತೂತು ಮಾಡಿ ಗುಂಡಿಯ ಬಾಯಿಗೆ ಕೂರಿಸುವವರಿದ್ದಾರೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೇರಿಂಗ್ ಗ್ರೀಸ್ ಮಾಡಲು ನಿಪ್ಪಲ್‌ಗೆ ಒಂದು ಸಣ್ಣ ಪೈಪ್ ಜೋಡಿಸಿ ಗಾರ್ಡಿನ ಹೊರಗೆ ತನ್ನಿ. ಥ್ರೆಡ್‌ಗೆ ಗ್ರೀಸ್ ಹಚ್ಚುವುದನ್ನು ರಾಡ್ ಸ್ಟ್ಯಾಂಡಿನಲ್ಲಿ ಇರುವಾಗಲೇ ಮುಗಿಸಿ. ಮಣ್ಣು ಎಳೆಯಲು ಉದ್ದ ಹಿಡಿಕೆಯ ಸಲಿಕೆ ಕೊಡಿ, ಇಲ್ಲವೇ ಗುಂಡಿಯ ಬಾಯಿಗೆ ಒಂದು ಡೈವರ್ಟರ್ ಕೂರಿಸಿ ಮಣ್ಣು ತಾನೇ ಪಕ್ಕಕ್ಕೆ ಹೋಗುವಂತೆ ಮಾಡಿ.

ಜಾಯಿಂಟ್ ಸಡಿಲಿಸುವುದು ಮಾತ್ರ ಗಂಭೀರ. ರಾಡ್‌ಗೆ ರೆಂಚ್ ಕಚ್ಚಿಸಿ, ಹಿಡಿಕೆಯನ್ನು ಮಾಸ್ಟ್‌ಗೆ ಆನಿಸಿ, ರೊಟೇಷನ್ ಕೊಟ್ಟು ಬಿಚ್ಚುವ ಪದ್ಧತಿ ಎಲ್ಲ ಕಡೆ ಇದೆ. ರೆಂಚ್ ಜಾರಿದರೆ ಬೀಸಿ ಹೊಡೆಯುತ್ತದೆ. ಇದಕ್ಕೆ ಸರಿಯಾದ ಮದ್ದು ಹೈಡ್ರಾಲಿಕ್ ಬ್ರೇಕ್‌ಔಟ್ ಕ್ಲ್ಯಾಂಪ್. ಎರಡು ದವಡೆ, ಕೆಳಗಿನದು ಹಿಡಿಯುತ್ತದೆ, ಮೇಲಿನದು ತಿರುಗಿಸುತ್ತದೆ. ಖರ್ಚಿದೆ, ನಿಜ. ಆದರೆ ಗಾರ್ಡಿಗೆ ಹಾಕುವ ದುಡ್ಡಿಗಿಂತ ಮೊದಲು ಇದಕ್ಕೆ ಹಾಕಿ ಎಂದೇ ನಾನು ಹೇಳುವುದು. ಇದು ಬಂದರೆ ಹೆಲ್ಪರ್ ರಾಡ್ ಹತ್ತಿರ ಹೋಗುವ ಸಂದರ್ಭ ಅರ್ಧಕ್ಕರ್ಧ ಹೋಗುತ್ತದೆ. ಗಾರ್ಡ್ ಬಾಗಿಲು ಪದೇ ಪದೇ ತೆರೆಯುವ ಕಿರಿಕಿರಿಯೂ ತಪ್ಪುತ್ತದೆ.

ಹಂತ 4: ತೂತು ಎಷ್ಟು, ದೂರ ಎಷ್ಟು

ಜಾಲರಿ ಹಾಕಿದೆ, ಆದರೆ ಬೆರಳು ಒಳಗೆ ಹೋಗುತ್ತದೆ. ಇಂಥ ಗಾರ್ಡ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಜನ ಅದನ್ನು ನಂಬುತ್ತಾರೆ. ತೂತು ದೊಡ್ಡದಾದಷ್ಟೂ ಜಾಲರಿ ದೂರ ಹೋಗಬೇಕು. ಐಎಸ್ಒ 13857 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆ ಅಂಕಿ ಕೊಡುತ್ತದೆ. ಚೌಕ ತೂತಿಗೆ ನಮಗೆ ಬೇಕಾದಷ್ಟು ಇಲ್ಲಿದೆ:

- ತೂತು 6ರಿಂದ 8 ಮಿಲಿಮೀಟರ್: ತಿರುಗುವ ಭಾಗದಿಂದ ಕನಿಷ್ಠ 15 ಮಿಲಿಮೀಟರ್ ದೂರ
- 8ರಿಂದ 10: 25 ಮಿಲಿಮೀಟರ್
- 10ರಿಂದ 12: 80 ಮಿಲಿಮೀಟರ್
- 12ರಿಂದ 30: 120 ಮಿಲಿಮೀಟರ್
- 30ರಿಂದ 40: 200 ಮಿಲಿಮೀಟರ್
- 40ರಿಂದ 120: 850 ಮಿಲಿಮೀಟರ್

ಕೊನೆಯ ಸಾಲು ನೋಡಿ. 40 ಮಿಲಿಮೀಟರ್ ದಾಟಿದ ಕೂಡಲೇ ದೂರ ಒಮ್ಮೆಲೇ 850ಕ್ಕೆ ಹಾರುತ್ತದೆ. ಭುಜದವರೆಗೆ ತೋಳು ತೂರಬಹುದು ಎಂಬುದು ಕಾರಣ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಎರಡು ಇಂಚಿನ ಬೇಲಿ ಜಾಲರಿ ಇದೇ ಕಾರಣಕ್ಕೆ ರಿಗ್‌ಗೆ ಆಗುವುದಿಲ್ಲ. ಉದ್ದ ಸೀಳಿನಂಥ ತೂತುಗಳಿಗೆ ಲೆಕ್ಕ ಇನ್ನೂ ಬಿಗಿ. 20 ಮಿಲಿಮೀಟರ್ ದಾಟಿದ ಸೀಳಿನ ಉದ್ದ 65 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಅಲ್ಲೂ 850 ಬೇಕು. ಸರಳುಗಳನ್ನು ಸಾಲಾಗಿ ಬೆಸೆದು ಕಿಟಕಿ ಥರ ಮಾಡುವವರು ಇದನ್ನು ಗಮನಿಸಿ.

ನನ್ನ ಆಯ್ಕೆ 25 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ತಂತಿಯ ವೆಲ್ಡೆಡ್ ಮೆಶ್. ದೂರ 120 ಮಿಲಿಮೀಟರ್ ಸಿಗುವ ಕಡೆಯೆಲ್ಲ ಇದೇ ಸಾಕು. ಅಷ್ಟು ಜಾಗ ಇಲ್ಲದ ಬೆಲ್ಟ್, ಕಪ್ಲಿಂಗ್‌ಗಳಿಗೆ 1.6 ಮಿಲಿಮೀಟರ್ ತಗಡು. ಮೇಲಕ್ಕೆ ಎಷ್ಟು ಎತ್ತರ? ಅಪಾಯ ಜಾಸ್ತಿ ಇರುವ ಭಾಗ ಕಾಲಿಟ್ಟ ನೆಲದಿಂದ 2.7 ಮೀಟರ್‌ಗಿಂತ ಮೇಲಿದ್ದರೆ ಕೈಗೆ ಎಟುಕುವುದಿಲ್ಲ ಎಂದು ಅದೇ ಮಾನದಂಡ ಲೆಕ್ಕ ಹಿಡಿಯುತ್ತದೆ. ಕಾಲಿಟ್ಟ ನೆಲ ಎಂಬುದನ್ನು ಮರೆಯಬೇಡಿ. ಬೋರ್ ಕೊರೆದಂತೆ ಮಣ್ಣಿನ ರಾಶಿ ಏರುತ್ತದೆ, ಜನ ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಬೆಳಿಗ್ಗೆ ಎಟುಕದ ರೊಟೇಷನ್ ಹೆಡ್ ಸಂಜೆಗೆ ಎಟುಕುತ್ತದೆ.

ಹಂತ 5: ಯಾವತ್ತೂ ಬಿಚ್ಚಬೇಕಿಲ್ಲದ ಗಾರ್ಡ್‌ಗಳು

ಬೆಲ್ಟ್, ಫ್ಯಾನ್, ಕಪ್ಲಿಂಗ್, ಪಿಟಿಒ ಶಾಫ್ಟ್‌ಗಳಿಗೆ ದಿನನಿತ್ಯ ಕೈ ಹಾಕುವ ಕೆಲಸವಿಲ್ಲ. ಇಲ್ಲಿ ಬೋಲ್ಟ್ ಹಾಕಿದ ಸ್ಥಿರ ಗಾರ್ಡ್ ಸಾಕು, ಬೇಗ ಮುಗಿಸಿ. ಮೂರೇ ನಿಯಮ. ಸ್ಪ್ಯಾನರ್ ಇಲ್ಲದೆ ಬಿಚ್ಚಲು ಬರಬಾರದು. ಬಿಚ್ಚಿದ ಬೋಲ್ಟ್ ಕೆಳಗೆ ಬಿದ್ದು ಕಳೆದುಹೋಗದಂತೆ ಗಾರ್ಡಿನಲ್ಲೇ ಸಿಕ್ಕಿಕೊಂಡಿರಬೇಕು. ಬೋಲ್ಟ್ ತೆಗೆದ ಮೇಲೆ ಗಾರ್ಡ್ ಸುಮ್ನೆ ಅಲ್ಲೇ ಆತು ನಿಲ್ಲಬಾರದು, ಬಿದ್ದುಬಿಡಬೇಕು. ಇಲ್ಲದಿದ್ದರೆ ಬೋಲ್ಟ್ ಇಲ್ಲದ ಗಾರ್ಡ್ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ.

ಬೆಲ್ಟ್ ಟೆನ್ಷನ್ ನೋಡಲು ಗಾರ್ಡಿನಲ್ಲಿ ಒಂದು ಮೆಶ್ ಕಿಟಕಿ ಬಿಡಿ. ಪುಲ್ಲಿಯ ಹಿಂಬದಿಯನ್ನೂ ಮುಚ್ಚಿ, ಮುಂದೆ ಮಾತ್ರ ತಗಡು ಹೊಡೆದು ಬಿಟ್ಟ ಗಾರ್ಡ್ ಬೇಕಾದಷ್ಟಿವೆ.

ಹಂತ 6: ರಾಡ್ ಸುತ್ತ ಪಂಜರ

ಇಲ್ಲಿ ಟೈಮ್ ತೆಗೆದುಕೊಳ್ಳಿ. ರಾಡ್ ಸುತ್ತಲಿನ ಗಾರ್ಡ್ ಬಾಗಿಲಿರುವ ಪಂಜರವಾಗಿರುತ್ತದೆ. ಮಾಸ್ಟ್ ಒಂದು ಗೋಡೆ, ಉಳಿದ ಮೂರು ಬದಿಗೆ ಮೆಶ್.

ಮೊದಲು ಒಳ ಅಳತೆ. 89 ಮಿಲಿಮೀಟರ್ ರಾಡ್, ಎರಡೂ ಬದಿ 120 ಮಿಲಿಮೀಟರ್ ಎಂದರೆ 33 ಸೆಂಟಿಮೀಟರ್ ಅಗಲ ಸಾಕು. ಆದರೆ ರೊಟೇಷನ್ ಹೆಡ್ ಕೆಳಗಿಳಿದು ಪಂಜರದೊಳಗೆ ಬರುತ್ತದಲ್ಲ, ಅದರ ಅಗಲ ಅಳೆಯಿರಿ. ಹೆಡ್ಡಿನ ಜೊತೆ ಹೋಸ್ ಬಾಗುವ ಜಾಗವನ್ನೂ ಸೇರಿಸಿ. ಸಣ್ಣ ರಿಗ್‌ಗಳಲ್ಲಿ ಹೆಚ್ಚಾಗಿ 60 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಇದಕ್ಕಿಂತ ಉದಾರವಾಗಬೇಡಿ. ಯಾಕೆಂದರೆ ಚಿಕ್ಕ ಪಂಜರದಲ್ಲಿ ಒಂದು ಲಾಭವಿದೆ. 36 ಇಂಚಿನ ಪೈಪ್ ರೆಂಚ್ ರಾಡ್ ಮೇಲೆ ಮರೆತು ಬಿಟ್ಟರೆ ಬಾಗಿಲು ಮುಚ್ಚುವುದೇ ಇಲ್ಲ. ಬಾಗಿಲು ಮುಚ್ಚದಿದ್ದರೆ ರೊಟೇಷನ್ ಬರುವುದಿಲ್ಲ. ರೆಂಚ್‌ಗೂ ಜಾಗ ಸಿಗುವಷ್ಟು ದೊಡ್ಡ ಪಂಜರದಲ್ಲಿ ಅದೇ ರೆಂಚ್ ಒಳಗೇ ಗಿರಗಿರ ತಿರುಗಿ ಮೆಶ್ ಹರಿದು ಹೊರಬರುತ್ತದೆ.

ಚೌಕಟ್ಟಿಗೆ 25 ಮಿಲಿಮೀಟರ್ ಚೌಕ ಪೈಪ್ ಬಳಸಿ. ಬಾಗಿಲು ಒಬ್ಬನೇ ಒಂದು ಕೈಯಲ್ಲಿ ತೆರೆಯುವಷ್ಟು ಹಗುರ ಇರಬೇಕು. ಭಾರ ಎನಿಸಿದರೆ ಗ್ಯಾಸ್ ಸ್ಟ್ರಟ್ ಹಾಕಿ, ಇಲ್ಲವೇ ಎರಡು ಅರ್ಧ ಬಾಗಿಲು ಮಾಡಿ. ಬಾಗಿಲು ಯಾವ ಕಡೆ ತೆರೆಯಬೇಕು? ರಾಡ್ ಸ್ಟ್ಯಾಂಡ್ ಇರುವ ಕಡೆ. ಇದನ್ನು ವರ್ಕ್‌ಶಾಪಿನಲ್ಲಿ ಕೂತು ನಿರ್ಧರಿಸಬೇಡಿ. ಹಗ್ಗ ಮತ್ತು ರಟ್ಟಿನಲ್ಲಿ ಒಂದು ಮಾದರಿ ಮಾಡಿ, ರಿಗ್ ಮೇಲೆ ಕಟ್ಟಿ, ನಿಂತ ರಿಗ್‌ನಲ್ಲಿ ಹೆಲ್ಪರ್ ಕೈಲಿ ರಾಡ್ ಜೋಡಿಸಿ ಬಿಚ್ಚಿಸಿ. ಎಲ್ಲಿ ಮೊಣಕೈ ತಾಗುತ್ತದೆ ಎಂದು ಅವನೇ ಹೇಳುತ್ತಾನೆ. ಅವನು ಹೇಳಿದ ಹಾಗೆ ಬದಲಿಸಿ. ತಾನೇ ಹೇಳಿ ಮಾಡಿಸಿದ ಗಾರ್ಡನ್ನು ಹೆಲ್ಪರ್ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ.

ಬಣ್ಣದ ವಿಷಯ ಸಣ್ಣದು, ಆದರೆ ಪಂಜರದ ಆಯುಷ್ಯ ಇದರ ಮೇಲೂ ನಿಂತಿದೆ. ಸುರಕ್ಷತೆ ಎಂದ ಕೂಡಲೇ ಎಲ್ಲದಕ್ಕೂ ಹಳದಿ ಬಳಿಯುತ್ತೇವೆ. ಹಳದಿ ಮೆಶ್ ಬಿಸಿಲಿಗೆ ಹೊಳೆದು ಒಳಗೆ ಏನೂ ಕಾಣುವುದಿಲ್ಲ. ಆಪರೇಟರ್‌ಗೆ ರಾಡ್ ಜಾಯಿಂಟ್ ಕಾಣದಿದ್ದರೆ ಬಾಗಿಲು ತೆರೆದೇ ಇಡುತ್ತಾನೆ. ಚೌಕಟ್ಟಿಗೆ ಹಳದಿ, ಮೆಶ್‌ಗೆ ಹೊಳಪಿಲ್ಲದ ಕಪ್ಪು. ಕಪ್ಪು ಮೆಶ್ ಮೂಲಕ ನೋಟ ಸಲೀಸಾಗಿ ಹಾಯುತ್ತದೆ. ಪಾರದರ್ಶಕ ಹಾಳೆ ಹಾಕುವುದಾದರೆ ಪಾಲಿಕಾರ್ಬೊನೇಟ್ ಹಾಕಿ, ಅಕ್ರಿಲಿಕ್ ಒಡೆದು ಚೂರಾಗುತ್ತದೆ. ಆದರೆ ಬೆಂಗಳೂರು ಸುತ್ತಮುತ್ತಲಿನ ಗಟ್ಟಿ ಕಲ್ಲಿನಲ್ಲಿ ಡಿಟಿಎಚ್ ಎಬ್ಬಿಸುವ ಪುಡಿ ಯಾವ ಹಾಳೆಯನ್ನೂ ಬೇಗ ಮಂಕು ಮಾಡುತ್ತದೆ. ಅಲ್ಲಿ ಮೆಶ್ ವಾಸಿ.

ಕೆಳಗೆ, ನೆಲದ ಹತ್ತಿರ, ಪಂಜರ ಪೂರ್ತಿ ಮುಟ್ಟುವುದಿಲ್ಲ. ಆ ಸಂದಿಗೆ ರಬ್ಬರ್ ಪಟ್ಟಿ ಇಳಿಬಿಡಿ. ಮಣ್ಣು ಹೊರಗೆ ಬರಲಿ, ಪ್ಯಾಂಟಿನ ಕಾಲು ಒಳಗೆ ಹೋಗದಿರಲಿ.

ಹಂತ 7: ಬಾಗಿಲಿಗೂ ರೊಟೇಷನ್‌ಗೂ ನಂಟು

ಬಾಗಿಲು ತೆರೆದರೆ ರೊಟೇಷನ್ ನಿಲ್ಲಬೇಕು. ಅದಕ್ಕೆ ಇಂಟರ್‌ಲಾಕ್ ಬೇಕು. ಹೈಡ್ರಾಲಿಕ್ ರಿಗ್‌ನಲ್ಲಿ ಬಾಗಿಲಿನ ಸ್ವಿಚ್ ರೊಟೇಷನ್ ಲೈನಿನ ಸೊಲೆನಾಯ್ಡ್ ವಾಲ್ವ್‌ಗೆ (ಕರೆಂಟಿನಿಂದ ತೆರೆಯುವ ವಾಲ್ವ್) ಕರೆಂಟ್ ಕೊಡುತ್ತದೆ. ಬಾಗಿಲು ತೆರೆದರೆ ಕರೆಂಟ್ ಕಟ್, ವಾಲ್ವ್ ಸ್ಪ್ರಿಂಗಿನಿಂದ ಮುಚ್ಚಿ ರೊಟೇಷನ್ ನಿಲ್ಲುತ್ತದೆ. ಈ ದಿಕ್ಕು ಮುಖ್ಯ. ವೈರ್ ತುಂಡಾದರೂ ರಿಗ್ ನಿಲ್ಲಬೇಕು. ಬಾಗಿಲು ತೆರೆದಾಗ ಕರೆಂಟ್ ಬಂದು ನಿಲ್ಲಿಸುವ ವೈರಿಂಗ್ ಮಾಡಿದರೆ, ಒಂದು ದಿನ ಇಲಿ ವೈರ್ ಕಡಿದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಸ್ವಿಚ್ ಆರಿಸುವಾಗ ಸಾಧಾರಣ ಅಯಸ್ಕಾಂತದ ಸ್ವಿಚ್ ಬೇಡ. ಹಳೆಯ ಸ್ಪೀಕರಿನ ಅಯಸ್ಕಾಂತ ಅಂಟಿಸಿ ಅದನ್ನು ಮೋಸ ಮಾಡಬಹುದು, ಮಾಡುತ್ತಾರೆ ಕೂಡ. ನಾಲಿಗೆ ಕೀ ಇರುವ ಸ್ವಿಚ್ ಅಥವಾ ತನ್ನ ಜೋಡಿಗೆ ಮಾತ್ರ ಓಗೊಡುವ ಕೋಡೆಡ್ ಸ್ವಿಚ್ ಹಾಕಿ. ಧೂಳು, ನೀರು ತಡೆಯುವ ಐಪಿ 67 ದರ್ಜೆ ಇರಲಿ. ಕರೆಂಟೇ ಇಲ್ಲದ ಹಳೆಯ ಹೈಡ್ರಾಲಿಕ್ ರಿಗ್ ಆದರೆ ಬಾಗಿಲು ಒತ್ತುವ ರೋಲರ್ ವಾಲ್ವ್‌ನ್ನು ಪೈಲಟ್ ಲೈನಿನಲ್ಲಿ (ದೊಡ್ಡ ವಾಲ್ವ್ ನಡೆಸುವ ಸಣ್ಣ ಲೈನು) ಕೂರಿಸಬಹುದು.

ಬಾಗಿಲು ಮತ್ತೆ ಮುಚ್ಚಿದ ಕೂಡಲೇ ರೊಟೇಷನ್ ತಾನಾಗಿ ಶುರುವಾಗಬಾರದು. ಲಿವರ್ ನ್ಯೂಟ್ರಲ್‌ಗೆ ಬಂದು ಮತ್ತೆ ತಳ್ಳಿದರೆ ಮಾತ್ರ ಶುರುವಾಗಲಿ. ಫೀಡ್‌ನ್ನೂ ಇದೇ ಇಂಟರ್‌ಲಾಕ್‌ಗೆ ಸೇರಿಸಿ. ಕ್ಲ್ಯಾಂಪ್‌ನ್ನು ಸೇರಿಸಬೇಡಿ, ಬಾಗಿಲು ತೆರೆದ ಕೂಡಲೇ ಕ್ಲ್ಯಾಂಪ್ ಬಿಟ್ಟರೆ ರಾಡ್ ಗುಂಡಿಗೆ ಬೀಳುತ್ತದೆ.

ಬೆಲ್ಟ್, ಕ್ಲಚ್, ಗೇರ್‌ಬಾಕ್ಸ್ ಇರುವ ಮೆಕ್ಯಾನಿಕಲ್ ರಿಗ್ ಕಷ್ಟದ್ದು. ಎಂಜಿನ್ ಆಫ್ ಮಾಡಿದರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ. ಅಲ್ಲಿ ಬಾಗಿಲಿನ ಸ್ವಿಚ್‌ಗೆ ಡೀಸೆಲ್ ಕಟ್ ಸೊಲೆನಾಯ್ಡ್ ಜೊತೆ ಕ್ಲಚ್ ಬಿಡಿಸಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಬೇಕು. ಅದು ಸಾಧ್ಯವೇ ಇಲ್ಲದ ರಿಗ್ ಆದರೆ, ಬದಲಿಸುವ ಲೆಕ್ಕ ಹಾಕಿ.

ಹಂತ 8: ನಿಲ್ಲಲು ಎಷ್ಟು ಹೊತ್ತು?

ಇಂಟರ್‌ಲಾಕ್ ಹಾಕಿದವರಲ್ಲಿ ಹೆಚ್ಚಿನವರು ಇದನ್ನು ಅಳೆಯುವುದೇ ಇಲ್ಲ. ರಾಡ್ ಮೇಲೆ ಉದ್ದಕ್ಕೆ ಒಂದು ಬಿಳಿ ಗೆರೆ ಎಳೆಯಿರಿ. ಎಣ್ಣೆ ಬಿಸಿಯಾಗಿರಲಿ, ವೇಗ ಅತಿ ಹೆಚ್ಚಿಗೆ ಇರಲಿ, ರಾಡ್ ಗುಂಡಿಯಲ್ಲಿ ಇರದೆ ಗಾಳಿಯಲ್ಲಿ ತಿರುಗಲಿ. ಗುಂಡಿಯಲ್ಲಿದ್ದರೆ ಉಜ್ಜಾಟಕ್ಕೆ ಬೇಗ ನಿಂತು ಸುಳ್ಳು ಸಮಾಧಾನ ಕೊಡುತ್ತದೆ. ಬಾಗಿಲು ತೆರೆಯುವುದನ್ನೂ ಗೆರೆಯನ್ನೂ ಒಟ್ಟಿಗೆ ಫೋನಿನ ಸ್ಲೋಮೋಷನ್ ವಿಡಿಯೊದಲ್ಲಿ ಹಿಡಿಯಿರಿ. ಬಾಗಿಲು ಅಲುಗಿದ ಕ್ಷಣದಿಂದ ಗೆರೆ ನಿಂತ ಕ್ಷಣದವರೆಗೆ ಲೆಕ್ಕ ಮಾಡಿ.

ಮನುಷ್ಯ ನಡೆದು ಬರುವ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಸುರಕ್ಷತಾ ಲೆಕ್ಕದಲ್ಲಿ ಹಿಡಿಯುತ್ತಾರೆ. ಕೈ ಇನ್ನೂ ಬೇಗ. ರಾಡ್ ನಿಲ್ಲಲು ಒಂದು ಸೆಕೆಂಡ್ ಬೇಕು, ಬಾಗಿಲು ರಾಡ್‌ನಿಂದ 25 ಸೆಂಟಿಮೀಟರ್ ದೂರದಲ್ಲಿದೆ ಎಂದರೆ, ಬಾಗಿಲು ತೆರೆದವನ ಕೈ ತಿರುಗುವ ರಾಡ್ ಮುಟ್ಟುವುದು ಖಂಡಿತ ಸಾಧ್ಯ. ಆಗ ಎರಡು ದಾರಿ. ಒಂದು, ಬೇಗ ನಿಲ್ಲುವಂತೆ ಹೈಡ್ರಾಲಿಕ್ ಸರಿಮಾಡುವುದು. ಇನ್ನೊಂದು, ಬಾಗಿಲಿಗೆ ಉದ್ದ ಥ್ರೆಡ್ಡಿನ ಚಿಲಕ. ಮೊದಲ ಸುತ್ತಿಗೇ ಸ್ವಿಚ್ ಬಿಡುತ್ತದೆ, ಆದರೆ ಬಾಗಿಲು ತೆರೆಯಲು ಇನ್ನೂ ಐದಾರು ಸುತ್ತು ಬಿಚ್ಚಬೇಕು. ಅಷ್ಟರಲ್ಲಿ ರಾಡ್ ನಿಂತಿರುತ್ತದೆ. ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ ಈ ಉಪಾಯ ನನಗೆ ತುಂಬ ಇಷ್ಟ.

ಹಂತ 9: ಬಾಗಿಲು ತೆರೆದೇ ತಿರುಗಿಸಬೇಕಾದಾಗ

ಥ್ರೆಡ್ ಕೂಡಿಸಲು ಕೆಲವೊಮ್ಮೆ ಬಾಗಿಲು ತೆರೆದು ಸ್ವಲ್ಪ ತಿರುಗಿಸಲೇಬೇಕು. ಇದನ್ನು ಒಪ್ಪಿಕೊಂಡು ವ್ಯವಸ್ಥೆ ಮಾಡದಿದ್ದರೆ ಜನ ಇಂಟರ್‌ಲಾಕನ್ನೇ ಕೆಡಿಸುತ್ತಾರೆ. ಯುರೋಪಿನಲ್ಲಿ ಡ್ರಿಲ್ಲಿಂಗ್ ಮತ್ತು ಫೌಂಡೇಶನ್ ಯಂತ್ರಗಳಿಗೆಂದೇ 2014ರಲ್ಲಿ ಇಎನ್ 16228 ಎಂಬ ಏಳು ಭಾಗಗಳ ಮಾನದಂಡ ಬಂತು. ಅದರಲ್ಲಿ ಇದಕ್ಕೆಂದೇ ನಿರ್ಬಂಧಿತ ಮೋಡ್ ಇದೆ: ವೇಗ ನಿಮಿಷಕ್ಕೆ 30 ಸುತ್ತು ಮೀರಬಾರದು, ಲಿವರ್ ಹಿಡಿದಿರುವಷ್ಟು ಹೊತ್ತು ಮಾತ್ರ ತಿರುಗಬೇಕು, ಕೈ ಬಿಟ್ಟರೆ ನಿಲ್ಲಬೇಕು.

30 ಸುತ್ತು ಕೂಡ ಕೈಗೆ ಸುರಕ್ಷಿತವಲ್ಲ. 89 ಮಿಲಿಮೀಟರ್ ರಾಡ್ ಆಗಲೂ ಸೆಕೆಂಡಿಗೆ 14 ಸೆಂಟಿಮೀಟರ್ ಎಳೆಯುತ್ತದೆ. ಈ ಮೋಡ್‌ನಲ್ಲಿ ಆಪರೇಟರ್‌ಗೆ ಹೆಲ್ಪರ್‌ನ ಎರಡೂ ಕೈ ಕಾಣುತ್ತಿರಬೇಕು. ಕಾಣದಿದ್ದರೆ ಲಿವರ್ ಮುಟ್ಟಬಾರದು. ಮೋಡ್ ಬದಲಿಸುವ ಕೀ ಆಪರೇಟರ್ ಹತ್ತಿರವೇ ಇರಲಿ, ಪ್ಯಾನಲ್‌ನಲ್ಲಿ ನೇತಾಡುವುದು ಬೇಡ.

ಎಸ್‌ಪಿಟಿ ಮತ್ತು ಕ್ಯಾಟ್‌ಹೆಡ್

ಮಣ್ಣು ಪರೀಕ್ಷೆಯ ರಿಗ್ ಇಟ್ಟವರು ಇದನ್ನು ಬಿಡದೆ ಓದಿ. ಎಸ್‌ಪಿಟಿ ಎಂದರೆ ಸುತ್ತಿಗೆ ಬಡಿದು, ಏಟು ಎಣಿಸಿ ಮಣ್ಣಿನ ಗಟ್ಟಿತನ ನೋಡುವ ಪರೀಕ್ಷೆ. ಐಎಸ್ 2131 ಎಂಬ ಭಾರತೀಯ ಮಾನದಂಡದ ಪ್ರಕಾರ ಇದನ್ನು ಮಾಡುವಾಗ 63.5 ಕೆಜಿ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು. ಇನ್ನೂ ಎಷ್ಟೋ ಕಡೆ ಇದನ್ನು ತಿರುಗುವ ಕ್ಯಾಟ್‌ಹೆಡ್ ಡ್ರಮ್ಮಿಗೆ ಹಗ್ಗ ಸುತ್ತಿ, ಕೈಯಲ್ಲಿ ಎಳೆದು, ಬಿಟ್ಟು ಮಾಡುತ್ತಾರೆ. ಹಗ್ಗ ಹಿಡಿದವನ ಕೈಗೂ ತಿರುಗುವ ಡ್ರಮ್ಮಿಗೂ ನಡುವೆ ಏನೂ ಇರುವುದಿಲ್ಲ. ಹಗ್ಗ ಒಂದರ ಮೇಲೊಂದು ಏರಿ ಬಿಗಿದುಕೊಂಡರೆ ಬಿಟ್ಟರೂ ಬಿಡುವುದಿಲ್ಲ. ಆಗ ಹಗ್ಗದ ಸುರುಳಿಯಲ್ಲಿ ಬೆರಳು ಇದ್ದರೆ ಅದೂ ಒಳಗೆ.

ಇಲ್ಲಿ ಪೂರ್ತಿ ಗಾರ್ಡ್ ಹಾಕಲು ಬರುವುದಿಲ್ಲ, ಕೆಲಸವೇ ಡ್ರಮ್ ಮೇಲೆ ನಡೆಯುತ್ತದೆ. ಸರಿಯಾದ ಪರಿಹಾರ ಆಟೊ ಟ್ರಿಪ್ ಸುತ್ತಿಗೆ. ವಿಂಚ್ ಎತ್ತುತ್ತದೆ, ನಿಗದಿತ ಎತ್ತರದಲ್ಲಿ ಅದೇ ಬಿಡುತ್ತದೆ. ಬೀಳುವ ಎತ್ತರವೂ ಪ್ರತಿ ಸಲ ಒಂದೇ ಇರುವುದರಿಂದ ಎನ್ ಮೌಲ್ಯ (ಏಟಿನ ಎಣಿಕೆ) ನಂಬಲು ಯೋಗ್ಯವಾಗುತ್ತದೆ. ಹಾಗಾಗಿ ಈ ಖರ್ಚಿಗೆ ಕನ್ಸಲ್ಟೆಂಟ್‌ರನ್ನು ಒಪ್ಪಿಸುವುದು ಸುಲಭ.

ಅದು ಬರುವವರೆಗೆ: ಡ್ರಮ್ ನುಣ್ಣಗಿರಲಿ, ತುಕ್ಕು, ಗೀರು ಬೇಡ. ಹಗ್ಗದಲ್ಲಿ ಗಂಟು, ಜೋಡಣೆ ಬೇಡ. ಎರಡು ಸುತ್ತಿಗಿಂತ ಜಾಸ್ತಿ ಹಾಕಬೇಡಿ. ಹಗ್ಗದ ಉಳಿದ ಉದ್ದ ಕಾಲ ಸುತ್ತ ಬಿದ್ದಿರಬಾರದು, ಕೈಗೆ ಸುತ್ತಿಕೊಳ್ಳಲೇಬಾರದು. ಎಂಜಿನ್ ನಿಲ್ಲಿಸುವ ಎಳೆತದ ದಾರ ಹಗ್ಗ ಹಿಡಿದವನಿಗೇ ಎಟುಕಬೇಕು, ಯಾಕೆಂದರೆ ಆ ಹೊತ್ತಿಗೆ ಇನ್ನೊಬ್ಬ ಸುತ್ತಿಗೆಯ ಏಟು ಎಣಿಸುತ್ತಿರುತ್ತಾನೆ.

ದೊಡ್ಡ ಪೈಲಿಂಗ್ ರಿಗ್ ಆದರೆ

ಕೆಲಿ ಬಾರ್, ಅಂದರೆ ಆಗರ್ ತಿರುಗಿಸುವ ಉದ್ದ ಸರಳು, ಅದರ ಸುತ್ತ ಪಂಜರ ಕಟ್ಟಲು ಆಗುವುದಿಲ್ಲ. ಆಗರ್ (ಮಣ್ಣು ಕೊರೆಯುವ ದೊಡ್ಡ ತಿರುಪು) ಹೊರಗೆ ಬಂದು, ಪಕ್ಕಕ್ಕೆ ತಿರುಗಿ, ಮಣ್ಣು ಕೊಡವಿ, ಮತ್ತೆ ಗುಂಡಿಗೆ ಇಳಿಯುತ್ತದೆ. ಇಲ್ಲಿ ಗಾರ್ಡ್ ಎಂದರೆ ದೂರ. ರಿಗ್ ಸುತ್ತ ಗಟ್ಟಿ ಬ್ಯಾರಿಕೇಡ್, ಒಂದೇ ಗೇಟ್, ಆಪರೇಟರ್ ರೊಟೇಷನ್ ನಿಲ್ಲಿಸಿ ಕೈ ಸನ್ನೆ ಮಾಡಿದ ಮೇಲಷ್ಟೇ ಒಳಗೆ ಪ್ರವೇಶ. ಕೆಂಪು ಬಿಳಿ ಟೇಪ್ ಬ್ಯಾರಿಕೇಡ್ ಅಲ್ಲ.

ಬ್ಯಾರಿಕೇಡಿನ ದೂರ ತೀರ್ಮಾನಿಸುವಾಗ ಮೂರು ನೋಡಿ: ರಿಗ್ ತಿರುಗಿದಾಗ ಹಿಂದಿನ ಕೌಂಟರ್‌ವೇಟ್ ಎಲ್ಲಿವರೆಗೆ ಬರುತ್ತದೆ, ಆಗರ್ ಕೊಡವಿದಾಗ ಮಣ್ಣುಗಡ್ಡೆ ಎಷ್ಟು ದೂರ ಹಾರುತ್ತದೆ, ರೊಟೇಷನ್ ನಿಲ್ಲುವಷ್ಟರಲ್ಲಿ ಮನುಷ್ಯ ಎಷ್ಟು ಹೆಜ್ಜೆ ಇಡುತ್ತಾನೆ. ಆಗರ್‌ಗೆ ಅಂಟಿದ ಜೇಡಿಯನ್ನು ಕೆಳಗೆ ನಿಂತು ಸಲಿಕೆಯಿಂದ ಕೆರೆಯುವುದನ್ನು ನಿಲ್ಲಿಸಿ. ರಿಗ್‌ಗೇ ಜೋಡಿಸುವ ಆಗರ್ ಕ್ಲೀನರ್ ಸಿಗುತ್ತದೆ.

ಮೈಮೇಲೆ ಏನಿರಬೇಕು

ಟವೆಲ್, ಲುಂಗಿ, ಪಂಚೆ, ಸಡಿಲ ರೇನ್‌ಕೋಟ್, ಕೊರಳಿನ ಐಡಿ ಕಾರ್ಡಿನ ದಾರ, ಇಯರ್‌ಫೋನ್ ವೈರ್, ಕೈಗೆ ಕಟ್ಟಿದ ದಾರ, ಕಡಗ, ಇವೆಲ್ಲ ರಿಗ್ ಹತ್ತಿರ ಬೇಡ. ಬಿಸಿಲಿಗೆ ಟವೆಲ್ ಬೇಕು ಅನ್ನುತ್ತಾರೆ, ನಿಜವೇ. ಹೆಲ್ಮೆಟ್ಟಿಗೆ ಹಿಂದೆ ಅಂಟಿಸುವ ನೆರಳು ಬಟ್ಟೆ ಕೊಡಿ, ಎಳೆದರೆ ಕಿತ್ತು ಬರುವಂಥದ್ದು. ರಿಫ್ಲೆಕ್ಟಿವ್ ಜಾಕೆಟ್ ಕೂಡ ವೆಲ್ಕ್ರೊ ಇರುವುದೇ ಆಗಲಿ, ಎಲ್ಲ ಮುಚ್ಚಿರಲಿ.

ಗ್ಲೌಸ್ ತಕರಾರಿನ ವಿಷಯ. ರಾಡ್ ಎತ್ತಲು ಬೇಕು, ತಿರುಗುವ ರಾಡ್ ಹತ್ತಿರ ಅದೇ ಅಪಾಯ. ನಿಯಮ ಸರಳ ಮಾಡಿ: ಗ್ಲೌಸ್ ಹಾಕಿದ ಕೈ ಪಂಜರದೊಳಗೆ ಇರುವಾಗ ರೊಟೇಷನ್ ಸೊನ್ನೆ, 30 ಸುತ್ತಿನ ಮೋಡ್ ಕೂಡ ಇಲ್ಲ.

ಕಾನೂನು ಏನು ಹೇಳುತ್ತದೆ

ಕಾರ್ಖಾನೆಗಳ 1948ರ ಕಾಯ್ದೆಯ 21ನೇ ಕಲಂ ಯಂತ್ರಗಳ ಅಪಾಯದ ಭಾಗಗಳಿಗೆ ಭದ್ರ ಬೇಲಿ ಕೇಳುತ್ತಿತ್ತು. 26ನೇ ಕಲಂ ಇನ್ನೂ ನಿಖರ: ತಿರುಗುವ ಶಾಫ್ಟಿನ ಮೇಲಿನ ಸೆಟ್ ಸ್ಕ್ರೂ, ಬೋಲ್ಟ್, ಕೀ ಹೊರಗೆ ಚಾಚದಂತೆ ಹುದುಗಿರಬೇಕು ಅಥವಾ ಮುಚ್ಚಿರಬೇಕು. ಕಟ್ಟಡ ಸೈಟುಗಳಿಗೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ಬಂತು. ಅದರ 1998ರ ಕೇಂದ್ರ ನಿಯಮಗಳೂ ಮೋಟಾರ್, ಹಲ್ಲುಚಕ್ರ, ಫ್ಲೈವೀಲ್, ಶಾಫ್ಟ್‌ಗಳಿಗೆ ಬೇಲಿ ಹಾಕಲು ಹೇಳಿದವು. ಈ ಎರಡೂ ಕಾಯ್ದೆಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯಲ್ಲಿ ಸೇರಿಸಲಾಗಿದೆ. ಬಾಡಿಗೆ ರಿಗ್ ಅನ್ನುವ ಕಾರಣಕ್ಕೆ ಸೈಟಿನವರ ಹೊಣೆ ತಪ್ಪುವುದಿಲ್ಲ.

ಪ್ರತಿ ದಿನ, ಕೆಲಸಕ್ಕೆ ಮುಂಚೆ

ಪಂಜರದ ಬಾಗಿಲು ತೆರೆದಿಟ್ಟು, ಎಲ್ಲರೂ ದೂರ ನಿಂತು, ರೊಟೇಷನ್ ಲಿವರ್ ತಳ್ಳಿ. ತಿರುಗಬಾರದು. ಬಾಗಿಲು ಮುಚ್ಚಿ ತಿರುಗಿಸಿ, ತೆರೆಯಿರಿ. ನಿಲ್ಲಬೇಕು. ಪ್ರತಿ ಎಮರ್ಜೆನ್ಸಿ ಬಟನ್ ಒತ್ತಿ ನೋಡಿ. ಮೆಶ್ ಹರಿದಿದೆಯಾ, ಸ್ವಿಚ್‌ಗೆ ಟೇಪ್ ಸುತ್ತಿದ್ದಾರಾ, ರಾಡ್ ಜಾಯಿಂಟ್‌ನಲ್ಲಿ ಚೂರು ಎದ್ದಿದೆಯಾ ನೋಡಿ, ಎದ್ದಿದ್ದರೆ ರಿಗ್ ನಿಂತಿರುವಾಗ ಅರ ಹಾಕಿ ಉಜ್ಜಿ. ಐದು ನಿಮಿಷದ ಕೆಲಸ.

ಸ್ವಿಚ್‌ಗೆ ಟೇಪ್ ಸುತ್ತಿದ್ದು ಕಂಡರೆ ಮೊದಲು ಬೈಯಬೇಡಿ. ಯಾಕೆ ಸುತ್ತಿದೆ ಎಂದು ಕೇಳಿ. ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಸ್ವಿಚ್ ಕೆಸರಿಗೆ ಕೆಡುತ್ತದೆ, ಒಳಗೆ ಕಾಣುವುದಿಲ್ಲ, ಹೀಗೆ ಏನೋ ಒಂದು ಕಾರಣ ಇರುತ್ತದೆ. ರಿಗ್ ನಿಲ್ಲಿಸಿ ಅದನ್ನು ಸರಿಮಾಡಿ, ಆಮೇಲೆ ಓಡಿಸಿ.

ರಿಪೇರಿಗೆ ಪಂಜರದೊಳಗೆ ಹೋಗುವಾಗ ಇಂಟರ್‌ಲಾಕ್ ನಂಬಬೇಡಿ. ಎಂಜಿನ್ ಆಫ್, ಬ್ಯಾಟರಿ ಸ್ವಿಚ್‌ಗೆ ಬೀಗ, ಕೀ ರಿಪೇರಿ ಮಾಡುವವನ ಜೇಬಿನಲ್ಲಿ, ಹೈಡ್ರಾಲಿಕ್ ಪ್ರೆಶರ್ ಇಳಿಸಿ, ಹೆಡ್‌ನ್ನು ಕೆಳಗಿಳಿಸಿ ಇಡಿ.

ಯಾರಾದರೂ ಸಿಕ್ಕಿಹಾಕಿಕೊಂಡರೆ

ಎಮರ್ಜೆನ್ಸಿ ಬಟನ್ ಒತ್ತಿ, ಆಮೇಲೆ ಎಂಜಿನ್ ನಿಲ್ಲಿಸಿ. ಗಾಬರಿಯಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ರಿವರ್ಸ್ ತಿರುಗಿಸುವುದು. ಮಾಡಬೇಡಿ, ಮುರಿದ ಕೈ ಮತ್ತೊಮ್ಮೆ ತಿರುಚುತ್ತದೆ, ಲಿವರ್ ಸ್ವಲ್ಪ ಜಾಸ್ತಿ ಹೋದರೂ ಮುಗಿಯಿತು. ಬಟ್ಟೆಯನ್ನು ಕತ್ತರಿಸಿ ಬಿಡಿಸಿ. ಇದಕ್ಕಾಗಿಯೇ ಆಪರೇಟರ್ ಪ್ಯಾನಲ್ ಪಕ್ಕ ಒಂದು ಗಟ್ಟಿ ಕತ್ತರಿ ಕಟ್ಟಿರಬೇಕು. ಕೊರಳಿನ ಸುತ್ತ ಬಿಗಿದಿದ್ದರೆ ಅದನ್ನೇ ಮೊದಲು ಕತ್ತರಿಸಿ. ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಸೈಟಿನ ಗೇಟಿಗೆ ಹೋಗಿ ಆಂಬುಲೆನ್ಸ್‌ಗೆ ದಾರಿ ತೋರಿಸಲಿ. ಸೈಟಿನ ವಿಳಾಸ ಮತ್ತು ಹತ್ತಿರದ ಗುರುತನ್ನು ರಿಗ್ ಮೇಲೆಯೇ ದೊಡ್ಡದಾಗಿ ಬರೆದಿಟ್ಟಿರಿ. ಬೇರೆ ಊರಿನಿಂದ ಬಂದ ಹುಡುಗರಿಗೆ ತಾವೆಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ಬಾಡಿಗೆಗೆ ತರುವಾಗ

ವರ್ಕ್ ಆರ್ಡರ್‌ನಲ್ಲಿ "ಸುರಕ್ಷತಾ ನಿಯಮ ಪಾಲಿಸಬೇಕು" ಎಂದು ಬರೆದರೆ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: ರಾಡ್ ಸುತ್ತ ಇಂಟರ್‌ಲಾಕ್ ಇರುವ ಪಂಜರ, ನೆಲದಿಂದ 2.7 ಮೀಟರ್‌ವರೆಗೆ, ಬೆಲ್ಟ್ ಮತ್ತು ಶಾಫ್ಟ್‌ಗಳಿಗೆ ಎರಡೂ ಬದಿ ಗಾರ್ಡ್, ಹೈಡ್ರಾಲಿಕ್ ಬ್ರೇಕ್‌ಔಟ್ ಕ್ಲ್ಯಾಂಪ್, ಮಣ್ಣು ಪರೀಕ್ಷೆಯಾದರೆ ಆಟೊ ಟ್ರಿಪ್ ಸುತ್ತಿಗೆ, ನಿಲ್ಲುವ ಸಮಯದ ವಿಡಿಯೊ. ರಿಗ್ ಗೇಟಿಗೆ ಬಂದಾಗ ಇವಿಷ್ಟನ್ನೂ ನೋಡಿ, ಇಲ್ಲದಿದ್ದರೆ ಇಳಿಸುವ ಮೊದಲೇ ವಾಪಸ್ ಕಳಿಸಿ. ಒಮ್ಮೆ ಮಾಸ್ಟ್ ಎತ್ತಿ ನಿಲ್ಲಿಸಿದ ಮೇಲೆ ಸೈಟಿನಲ್ಲಿ ಯಾರೂ ವಾಪಸ್ ಕಳಿಸುವ ಮಾತಾಡುವುದಿಲ್ಲ.